ಸ್ವತಂತ್ರ ತಜ್ಞನ ಅರ್ಜಿಯೂ ಹೆಂಡತಿಯ ಧಾರೆ ಸೀರೆಯೂ

ಈ ಲೋಕದಲ್ಲಿ ತಜ್ಞನಾಗುವುದು ಬಹಳ ಸುಲಭ. ನಾನು ತಜ್ಞ ಎಂದು ಇನ್ನೊಬ್ಬರ ಮುಂದೆ ರುಜುವಾತು ಮಾಡುವುದಿದೆಯಲ್ಲ, ಅದು ಮಾತ್ರ ಪ್ರಾಣಸಂಕಟ. ನಮ್ಮ ದೊಡ್ಡಬಳ್ಳಾಪುರದಲ್ಲಿ ಬೆಳಗ್ಗೆ ಯಾವುದಾದರೂ ಟೀ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ಕ್ರಿಕೆಟ್ ತಜ್ಞರು, ದೇವನಹಳ್ಳಿ ಕಡೆಯ ಸೈಟುಗಳ ತಜ್ಞರು, ಮಂಡಿನೋವಿನ ತಜ್ಞರು, ಪಕ್ಕದ ಮನೆಯ ಸಂಸಾರದ ತಜ್ಞರು, ಎಲ್ಲರೂ ಒಂದೇ ಬೆಂಚಿನ ಮೇಲೆ ಸಿಗುತ್ತಾರೆ. ಅವರಲ್ಲಿ ಯಾರನ್ನೂ ಯಾರೂ "ಸ್ವಾಮಿ, ನೀವು ಯಾವ ಸಂಸ್ಥೆಯ ಸದಸ್ಯರು?" ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ನನ್ನನ್ನು ಕೇಳಿಬಿಟ್ಟರು. ಅದೂ ತುಂಬಿದ ಗ್ರಾಹಕರ ನ್ಯಾಯಾಲಯದಲ್ಲಿ, ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದ ದಿನವೇ.

ನನ್ನ ವಿದ್ಯೆ ಬಟ್ಟೆ. ಓದಿ ಬಂದದ್ದಲ್ಲ, ಮಗ್ಗದ ಪಕ್ಕದಲ್ಲಿ ಅಂಬೆಗಾಲಿಟ್ಟು ಬಂದದ್ದು. ನಮ್ಮದು ನೇಕಾರರ ಬೀದಿ. ಇಲ್ಲಿ ಪವರ್‌ಲೂಮಿನ ಸದ್ದು ನಿಂತರೆ ತೊಟ್ಟಿಲಿನ ಮಗು ಬೆಚ್ಚಿಬಿದ್ದು ಎದ್ದು ಅಳುತ್ತದೆ. ಸೀರೆಯ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಉಜ್ಜಿದರೆ ಸಾಕು, ರೇಷ್ಮೆಯೋ ಆರ್ಟ್ ಸಿಲ್ಕ್ ಎಂಬ ನಕಲಿ ರೇಷ್ಮೆಯೋ ಎಂದು ನನ್ನ ಬೆರಳು ಹೇಳಿಬಿಡುತ್ತದೆ. ಬೆರಳಿಗೆ ಅನುಮಾನ ಬಂದರೆ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರುತ್ತೇನೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದರೆ ಆರ್ಟ್ ಸಿಲ್ಕ್. ಇದೊಂದು ಚಟವಾಗಿ ಮದುವೆಮನೆಗಳಲ್ಲಿ ಕಂಡಕಂಡವರ ಸೆರಗಿನ ತುದಿಯನ್ನು ಮುಟ್ಟಿ ನೋಡುತ್ತಿದ್ದೆ. ಒಂದು ದಿನ ನನ್ನ ಹೆಂಡತಿ ಗಿರಿಜೆ, "ರೀ, ನೀವು ನೇಕಾರ್ರು ಅಂತ ನಂಗೊತ್ತು, ನಮ್ಮ ಬೀದೀಗೊತ್ತು. ಹೊಸಕೋಟೆಯಿಂದ ಬಂದಿರೋ ಬೀಗರಿಗೆ ಗೊತ್ತಾ? ಒದೆ ಬೀಳತ್ತೆ ನೋಡಿ," ಎಂದಳು. ಅಲ್ಲಿಂದ ಮುಂದೆ ಗಂಡಸರ ಶಲ್ಯಗಳನ್ನು ಮಾತ್ರ ಪರೀಕ್ಷಿಸುತ್ತಿದ್ದೇನೆ. ಸನ್ಮಾನದ ಶಲ್ಯಗಳ ಬಗ್ಗೆ ನನಗೆ ಗೊತ್ತಿರುವುದನ್ನು ಬಾಯಿಬಿಟ್ಟರೆ ನಮ್ಮ ತಾಲ್ಲೂಕಿನಲ್ಲಿ ಇನ್ನು ಯಾರೂ ಸನ್ಮಾನಕ್ಕೆ ಒಪ್ಪುವುದಿಲ್ಲ.

ಜಡಿಗೇನಹಳ್ಳಿ ಕಡೆಯ ಸರೋಜಮ್ಮ ಎಂಬ ಶಾಲಾ ಟೀಚರು ಒಂದು ದಿನ ಮಗಳ ಧಾರೆ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ನಮ್ಮ ಮನೆಗೆ ಬಂದರು. ಅಪ್ಪಟ ರೇಷ್ಮೆ ಎಂದು ಹೇಳಿ ಒಂದು ಅಂಗಡಿಯವರು ಕೊಟ್ಟಿದ್ದರಂತೆ. ಬೀಗರ ಮನೆಯ ಅಜ್ಜಿಯೊಬ್ಬರು ಮುಟ್ಟಿ ನೋಡಿ, ಎಲ್ಲರ ಮುಂದೆ "ಇದೇನು ರೇಷ್ಮೆಯಾ?" ಎಂದುಬಿಟ್ಟರಂತೆ. ಕೇಳಲು ಹೋದರೆ ಅಂಗಡಿಯವರು ಜಗಳಕ್ಕೆ ಬಂದರಂತೆ. ಅದಕ್ಕೇ ಗ್ರಾಹಕರ ನ್ಯಾಯಾಲಯಕ್ಕೆ ದೂರು ಕೊಟ್ಟಿದ್ದರು. ನಾನು ಎಳೆ ಕಿತ್ತೆ, ಸುಟ್ಟೆ, ಮೂಸಿದೆ. ಕಾಗದ! "ಅಪ್ಪಾ, ನಂಗೆ ಬೇರೆ ಸೀರೆ ಬೇಡ, ಏನೂ ಬೇಡ. ಸುಳ್ಳು ಹೇಳಿದ್ವಿ ಅಂತ ಅವರು ಬಾಯ್ಬಿಟ್ಟು ಒಪ್ಕೋಬೇಕು, ಅಷ್ಟೇಯ," ಎಂದರು ಸರೋಜಮ್ಮ. ನನಗೆ ಮೈಯೆಲ್ಲ ಆವೇಶ ಬಂತು. ನ್ಯಾಯಾಲಯಕ್ಕೆ ಬಂದು ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಹೋಗಿ ಹೇಳಿದೆ ಕೂಡ. ಅಂಗಡಿಯವರ ಪರ ವಕೀಲರು ಎದ್ದು ನಿಂತರು. ತೆಳ್ಳಗಿನ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ, ಮಾತಿನಲ್ಲಿ ಜೇನುತುಪ್ಪ. "ತಜ್ಞರೇ, ತಾವು ಯಾವ ಸಂಸ್ಥೆಯ ಸದಸ್ಯರು?" ಎಂದರು. ನಾನು ಎದೆಯುಬ್ಬಿಸಿ, "ನೇಕಾರರ ಸಹಕಾರ ಸಂಘ, ಸರ್. ಆಮೇಲೆ ನಮ್ಮ ಬೀದಿ ಗಣಪತಿ ಸಮಿತಿಯ ಉಪಾಧ್ಯಕ್ಷ," ಎಂದೆ. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಆ ನಗು ಬೆಂಚಿನಿಂದ ಬೆಂಚಿಗೆ ಹರಿದು ಬೆರಳಚ್ಚುಗಾರ್ತಿಯ ತನಕ ಬಂತು. "ಗಣಪತಿ ವಿಷಯದಲ್ಲಿ ತಮ್ಮ ಅಭಿಪ್ರಾಯ ಬೇಕಾದಾಗ ಕರೀತೀವಿ," ಎಂದು ವಕೀಲರು ಕೈಮುಗಿದು, ತಜ್ಞನೆಂಬ ದಾಖಲೆ ಇಲ್ಲದ ಈ ವ್ಯಕ್ತಿಯ ವರದಿಯನ್ನು ಪಕ್ಕಕ್ಕಿಡಬೇಕೆಂದು ಕೇಳಿಕೊಂಡರು. ಪೀಠದಲ್ಲಿದ್ದ ಅಧ್ಯಕ್ಷರು ಒಳ್ಳೆಯವರು. "ಮುಂದಿನ ದಿನಾಂಕಕ್ಕೆ ಏನಾದರೂ ದಾಖಲೆ ತನ್ನಿ," ಎಂದರು. ಸರೋಜಮ್ಮನವರು ನನ್ನ ಮುಖ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಬೆಂಗಳೂರಿನಲ್ಲಿ ಸ್ವತಂತ್ರ ವಿಧಿವಿಜ್ಞಾನ ತಜ್ಞರದೇ ಒಂದು ಸಂಘವಿದೆ, ಕೈಬರಹದವರು, ಬಂದೂಕಿನವರು, ವಿಷದವರು, ಎಲ್ಲರೂ ಅದರಲ್ಲಿದ್ದಾರೆ ಎಂದು ನನಗೆ ಹೇಳಿದವರು ಜೆರಾಕ್ಸ್ ಅಂಗಡಿಯವರು. ಅವರೇ ಅರ್ಜಿಯನ್ನೂ ಇಳಿಸಿ ಮುದ್ರಿಸಿ ಕೊಟ್ಟರು. ಹದಿನಾಲ್ಕು ಪುಟ, ಪೂರ್ತಿ ಇಂಗ್ಲಿಷು. ನಾನು ಎಸ್ಸೆಸ್ಸೆಲ್ಸಿ, ಅದೂ ಎರಡು ಸಲ ಮನಸ್ಸಿಟ್ಟು ಮಾಡಿದ್ದು. ಗಿರಿಜೆ ಪಿಯುಸಿ. ಆದ್ದರಿಂದ ಅವಳು ಓದಿ ಕನ್ನಡದಲ್ಲಿ ಹೇಳುವುದು, ನಾನು ಉತ್ತರ ಕೊಡುವುದು, ಅದು ಸರಿಯಿಲ್ಲವೆಂದು ಅವಳು ಬೇರೆಯದನ್ನು ಬರೆಯುವುದು ಎಂದು ಕೆಲಸ ಹಂಚಿಕೊಂಡೆವು.

ಮೊದಲನೆಯದು ಪದವಿ, ಅಥವಾ ಅದಕ್ಕೆ ಸಮನಾದ ಅನುಭವ. "ನಲವತ್ತೆಂಟು ವರ್ಷದ ಅನುಭವ ಅಂತ ಬರಿ," ಎಂದೆ. "ನಿಮಗೆ ಐವತ್ತಮೂರು. ಐದು ವರ್ಷದ ಮಗೂನ ಕೆಲಸಕ್ಕೆ ಹಚ್ಚಿದ್ರು ಅಂತ ನಮ್ಮ ಮಾವನೋರ ಮೇಲೆ ಕೇಸ್ ಹಾಕ್ತಾರೆ," ಎಂದು ಮೂವತ್ತು ಎಂದು ಬರೆದಳು. ಎರಡನೆಯದು ಪ್ರಯೋಗಾಲಯದ ಸಲಕರಣೆಗಳು. ಭೂತಗನ್ನಡಿ ಒಂದು, ಚಿಮುಟ ಒಂದು, ಬೆಂಕಿಪೊಟ್ಟಣ ಒಂದು, ಮೂಗು ಒಂದು ಎಂದೆ. ಮೂಗನ್ನು ಅವಳು ಬರೆಯಲಿಲ್ಲ. ಬರೆಯಬೇಕಿತ್ತು ಎಂದು ಈಗಲೂ ನನ್ನ ವಾದ. ಉಳಿದ ಮೂರನ್ನೂ ಯಾರು ಬೇಕಾದರೂ ಸಂತೆಯಲ್ಲಿ ಕೊಳ್ಳಬಹುದು. ಮೂರನೆಯದು, ನಿಮ್ಮನ್ನು ಯಾವುದೇ ನ್ಯಾಯಾಧೀಶರು ಟೀಕಿಸಿದ್ದುಂಟೇ ಎಂಬುದು. "ಇಲ್ಲ," ಎಂದೆ. "ಬರೀ ಕೋರ್ಟಿನೋರು ಮಾಡಿದ್ದು ಕೇಳ್ತಾರಾ, ಮನೇಲಿ ಮಾಡಿದ್ದೂ ಸೇರ್ತದಾ?" ಎಂದು ಗಿರಿಜೆ ಪುಟ ತಿರುವಿ ತಿರುವಿ ನೋಡಿದಳು.

ನಾಲ್ಕನೆಯದಕ್ಕೆ ಬಂದಾಗ ಮೂರು ದಿನ ಹೋಯಿತು. ನಿಮ್ಮ ಕೆಲಸವನ್ನು ಬಲ್ಲ, ನಿಮಗೆ ಸಂಬಂಧಿಕರಲ್ಲದ ಇಬ್ಬರು ನಿಮ್ಮ ಪರವಾಗಿ ಪತ್ರ ಬರೆಯಬೇಕು. ಈ ನಿಯಮ ಮಾಡಿದವರು ನೇಕಾರರ ಬೀದಿಯಲ್ಲಿ ಒಂದು ವಾರ ಬಾಡಿಗೆಗೆ ಇದ್ದಿದ್ದರೆ ಇದನ್ನು ಮಾಡುತ್ತಿರಲಿಲ್ಲ. ನಮ್ಮ ಕಡೆ ಕೆಲಸ ಬಲ್ಲವರೆಲ್ಲ ನಂಟರು. ನಂಟರಲ್ಲದವರು ಒಂದು ಕಾಲದಲ್ಲಿ ನಂಟರಾಗಿದ್ದು ಈಗ ಮಾತು ಬಿಟ್ಟವರು. ನಾನು ಒಂದೊಂದೇ ಹೆಸರು ಹೇಳುತ್ತಾ ಹೋದೆ, ಗಿರಿಜೆ ಒಂದೊಂದನ್ನೇ ಹೊಡೆದುಹಾಕಿದಳು. ಬಣ್ಣದ ಅಂಗಡಿಯ ನಾಗರಾಜಪ್ಪ? "ನಮ್ಮ ಚಿಕ್ಕತ್ತೆ ಓರಗಿತ್ತಿ ತಮ್ಮ." ನೂಲಿನ ಮಂಡಿಯ ರಂಗಣ್ಣ? "ಅವರ ಮಗಳನ್ನ ನಮ್ಮ ಅಣ್ಣಂಗೆ ಕೇಳಿದ್ರು." ಕೊಡಲಿಲ್ಲವಲ್ಲ! "ಕೇಳಿದ್ರಲ್ಲ." ಕೊನೆಗೆ ಉಳಿದವರು ಇಬ್ಬರೇ. ಒಬ್ಬರು ಹೊರಗಿನ ಊರಿಂದ ವರ್ಗವಾಗಿ ಬಂದಿದ್ದ ಪೋಸ್ಟ್‌ಮಾಸ್ಟರು, ಇನ್ನೊಬ್ಬರು ಪಶುವೈದ್ಯರು. ಪೋಸ್ಟ್‌ಮಾಸ್ಟರು ಚೊಕ್ಕವಾಗಿ ಬರೆದುಕೊಟ್ಟರು. ಪಶುವೈದ್ಯರು ಪಾಪ, ಬಹಳ ಗಡಿಬಿಡಿಯ ಮನುಷ್ಯ. ಯಾವುದೋ ಹಸುವಿನ ಹೆರಿಗೆಗೆ ಹೊರಟು ಬೈಕಿನ ಮೇಲೆ ಕುಳಿತೇ ಬರೆದರು. ಅಭ್ಯಾಸಬಲ ನೋಡಿ, "ಇವರನ್ನು ಖುದ್ದಾಗಿ ಪರೀಕ್ಷಿಸಿದ್ದೇನೆ. ಆರೋಗ್ಯವಾಗಿದ್ದಾರೆ, ಸೌಮ್ಯ ಸ್ವಭಾವ, ದೂರದ ಸಾಗಣೆಗೆ ಯೋಗ್ಯರು," ಎಂದು ಬರೆದು ಮೊಹರು ಒತ್ತಿದರು. ಇನ್ನೊಂದು ಬರೆಸೋಣವೆಂದರೆ ಗಿರಿಜೆ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಇರಲಿ ಬಿಡಿ, ಇದಕ್ಕಿಂತ ಸತ್ಯ ಯಾರೂ ಬರೆಯಲ್ಲ," ಎಂದು ಪಿನ್ನು ಹೊಡೆದೇಬಿಟ್ಟಳು.

ಇಷ್ಟೂ ನಗುತ್ತಲೇ ದಾಟಿದೆವು. ಹನ್ನೊಂದನೆಯ ಪುಟದಲ್ಲಿ ನನ್ನ ಗ್ರಹಚಾರ ಕಾದು ಕುಳಿತಿತ್ತು. ಮೂರು ವರದಿಗಳನ್ನು ಲಗತ್ತಿಸಬೇಕು. ಅವುಗಳಲ್ಲಿ ಒಂದಾದರೂ ಅರ್ಜಿದಾರನು ತನಗೆ ಅಥವಾ ತನ್ನವರಿಗೆ ನಷ್ಟವಾಗುವಂತಿದ್ದರೂ ಹೇಳಿದ ನಿಜವಾಗಿರಬೇಕು. ಸ್ವತಂತ್ರ ತಜ್ಞ ಎಂಬುದಕ್ಕೆ ಅದೇ ಪುರಾವೆಯಂತೆ. ನನ್ನ ಹತ್ತಿರ ಅಂಥದ್ದು ಎಲ್ಲಿಂದ ಬರಬೇಕು? ಮೋಸಹೋದವರು ನನ್ನನ್ನು ಕರೆಯುತ್ತಾರೆ, ಮೋಸವಾಗಿದೆ ಎಂದು ನಾನು ಹೇಳುತ್ತೇನೆ, ಕಾಫಿ ಕುಡಿದು ಬರುತ್ತೇನೆ. ಇದರಲ್ಲಿ ನನ್ನವರಿಗೆ ನಷ್ಟವಾಗುವುದು ಏನಿದೆ? "ಯೋಚನೆ ಮಾಡಿ, ಏನಾದ್ರೂ ಹೊಳೀತದೆ," ಎಂದು ಹೇಳಿ ಗಿರಿಜೆ ಅಡುಗೆಮನೆಗೆ ಹೋದಳು. ಹೊಳೆದದ್ದು ಆಗಲೇ. ಹೊಳೆದದ್ದೇ ತಡ, ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಬೆವರು ಕಿತ್ತುಕೊಂಡಿತು.

ಈಗ ನಿಮಗೊಂದು ಗುಟ್ಟು ಹೇಳಬೇಕು. ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಹುಡುಗಿಯ ಧಾರೆ ಸೀರೆಯನ್ನು ಮದುವೆಯಾಗುವ ಹುಡುಗನೇ ಕೈಮಗ್ಗದಲ್ಲಿ ನೇಯಬೇಕು. ಅಪ್ಪ ನೇಯ್ದಿದ್ದರು, ತಾತ ನೇಯ್ದಿದ್ದರು. ನಾನೂ ನೇಯಲು ಕುಳಿತೆ. ಪವರ್‌ಲೂಮಿಗೆ ಒಗ್ಗಿದ್ದ ಕೈ, ಮದುವೆಯ ಅಮಲು ಬೇರೆ. ಎಳೆ ಹರಿಯಿತು, ನೂಲು ಸಿಕ್ಕಾಯಿತು, ನೇಯ್ದದ್ದನ್ನು ಬಿಚ್ಚಿದೆ, ಬಿಚ್ಚಿದ್ದನ್ನು ನೇಯ್ದೆ. ಸೆರಗು ಮುಗಿಯಿತು, ಮೈ ಮುಗಿಯಿತು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಳತುದಿಗೆ ಬರುವಷ್ಟರಲ್ಲಿ ಅಡ್ಡಕ್ಕೆ ಹೊಕ್ಕಿಸುವ ರೇಷ್ಮೆ ಮುಗಿದುಹೋಯಿತು. ಅಂಗಡಿಗೆ ಓಡಿದರೆ ಅಂದು ಬಂದ್. ಮನೆಯಲ್ಲಿ ಅದೇ ಬಣ್ಣದ ಆರ್ಟ್ ಸಿಲ್ಕ್ ಇತ್ತು. ಒಳಗಡೆ ಹೋಗುವ ಭಾಗ ತಾನೇ, ಯಾರು ನೋಡುತ್ತಾರೆ? ಲಾಳಿಗೆ ಅದನ್ನೇ ತುಂಬಿ ನೇಯ್ದು ಮುಗಿಸಿಬಿಟ್ಟೆ. ಧಾರೆಯ ದಿನ ಎಲ್ಲರೂ "ಹುಡುಗ ಅಪ್ಪಟ ರೇಷ್ಮೆ ನೇಯ್ದಿದ್ದಾನೆ," ಎಂದು ಹೊಗಳಿದರು. ನಾನು ತಲೆ ತಗ್ಗಿಸಿದ್ದನ್ನು ನೋಡಿ ಎಷ್ಟು ನಾಚಿಕೆ ಹುಡುಗನಿಗೆ ಎಂದರು. ಇದೆಲ್ಲ ಆಗಿ ಇಪ್ಪತ್ತಾರು ವರ್ಷ. ಗಿರಿಜೆ ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಆ ಸೀರೆಯುಟ್ಟು, ಬಂದವರಿಗೆಲ್ಲ "ಇವರೇ ನೇಯ್ದದ್ದು" ಎನ್ನುವಾಗಲೆಲ್ಲ ನನಗೆ ಹಿತ್ತಲಲ್ಲಿ ಏನಾದರೂ ತುರ್ತು ಕೆಲಸ ಬಂದುಬಿಡುತ್ತದೆ.

ಎರಡು ದಿನ ಅನ್ನ ಸೇರಲಿಲ್ಲ. ಒಂದು ಕಡೆ ಸರೋಜಮ್ಮನವರ ಮುಖ, ಇನ್ನೊಂದು ಕಡೆ ಗಿರಿಜೆಯ ಮುಖ. ಮೂರನೆಯ ದಿನ ಅವಳು ಬೀದಿಯ ಹೆಂಗಸರ ಜೊತೆ ಶಿವಗಂಗೆ ಬೆಟ್ಟಕ್ಕೆ ಹೋದಳು. ಅವಳ ಬಸ್ಸು ಊರು ದಾಟಿತೋ ಇಲ್ಲವೋ, ನಾನು ಬೀರು ತೆಗೆದೆ. ನನ್ನ ಮನೆಯಲ್ಲಿ ನಾನೇ ಕಳ್ಳನಂತೆ ಬಾಗಿಲು ಹಾಕಿಕೊಂಡು, ಒಳತುದಿಯಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿದೆ. ಕಾಗದ, ಕಾಗದ! ಗೊತ್ತಿದ್ದದ್ದೇ. ಸೀರೆಯನ್ನು ಮಡಿಕೆ ತಪ್ಪದಂತೆ ಮಡಚಿಟ್ಟು ಬರೆದೆ: "ದೊಡ್ಡಬಳ್ಳಾಪುರದ ವಿವಾಹಿತ ಮಹಿಳೆಯೊಬ್ಬರ ಇಪ್ಪತ್ತಾರು ವರ್ಷದ ಹಿಂದಿನ ಧಾರೆ ಸೀರೆ. ಅಪ್ಪಟ ರೇಷ್ಮೆ ಎಂದು ನಂಬಿಸಲಾಗಿದೆ. ಒಳತುದಿಯಿಂದ ಎರಡು ಮೊಳದಷ್ಟು ಅಡ್ಡನೂಲು ಆರ್ಟ್ ಸಿಲ್ಕ್. ನೇಯ್ದವನಿಗೆ ಇದು ತಿಳಿದಿತ್ತು." ಹೆಸರುಗಳನ್ನು ಹಾಕದೆ, ಜೆರಾಕ್ಸ್ ಅಂಗಡಿಯವರ ಕೈಯಲ್ಲಿ ಇಂಗ್ಲಿಷು ಮಾಡಿಸಿ, ಅರ್ಜಿಯ ಜೊತೆ ಸ್ಪೀಡ್ ಪೋಸ್ಟ್ ಮಾಡಿಬಿಟ್ಟೆ. ಸಂಜೆ ಗಿರಿಜೆ ಪ್ರಸಾದ ತಂದುಕೊಟ್ಟಳು. ನಾನು ಚೊಂಬಿನ ಮೇಲೆ ಚೊಂಬು ನೀರು ಕುಡಿಯುತ್ತಿದ್ದುದನ್ನು ಕಂಡು ಸಕ್ಕರೆ ಕಾಯಿಲೆ ಇರಬಹುದು, ತೋರಿಸಿ ಎಂದಳು.

ಹತ್ತು ದಿನಕ್ಕೆ ಸಂದರ್ಶನ ಬಂತು. ಮೊಬೈಲಿನಲ್ಲೇ, ಬೆಳಗ್ಗೆ ಹನ್ನೊಂದಕ್ಕೆ. ಗಿರಿಜೆ ರಾಗಿಹಿಟ್ಟಿನ ಡಬ್ಬಕ್ಕೆ ಮೊಬೈಲನ್ನು ಒರಗಿಸಿ, ನನ್ನ ತಲೆ ಬಾಚಿ, ತಾನು ಪಕ್ಕದಲ್ಲಿ ಮರೆಯಾಗಿ ಹುರುಳಿಕಾಯಿ ಬಿಡಿಸುತ್ತಾ ಕುಳಿತಳು. "ನೀನು ಒಳಗೆ ಹೋಗೇ," ಎಂದರೆ, "ಇಂಗ್ಲಿಷು ಬಂದ್ರೆ?" ಎಂದಳು. ಪರದೆಯ ಮೇಲೆ ಇಬ್ಬರು ಕಾಣಿಸಿಕೊಂಡರು. ಬಂದೂಕಿನ ತಜ್ಞರೊಬ್ಬರು, ಭಾರೀ ಮೀಸೆ. ವಿಷದ ತಜ್ಞೆಯೊಬ್ಬರು, ನಮ್ಮ ಸೋದರತ್ತೆಯ ಹಾಗೆ ಸೌಮ್ಯ ಮುಖ. ಅದೃಷ್ಟಕ್ಕೆ ಇಬ್ಬರದೂ ಕನ್ನಡವೇ. ಮೀಸೆಯವರು ಪಶುವೈದ್ಯರ ಪತ್ರವನ್ನು ಗಟ್ಟಿಯಾಗಿ ಓದಿ, ಎರಡು ನಿಮಿಷ ಧ್ವನಿ ಬಂದ್ ಮಾಡಿಕೊಂಡು ಭುಜ ಕುಣಿಸಿದರು. ಆಮೇಲೆ ಗಂಭೀರವಾಗಿ, "ಮೂರನೇ ವರದಿ ನಮಗೆ ಬಹಳ ಹಿಡಿಸಿತು. ನೇಯ್ದವನಿಗೆ ತಿಳಿದಿತ್ತು ಅಂತ ಬರೆದಿದ್ದೀರಿ. ಅದು ನಿಮಗೆ ಹೇಗೆ ಗೊತ್ತಾಯ್ತು?" ಎಂದರು.

ಪಕ್ಕದಲ್ಲಿ ಹುರುಳಿಕಾಯಿ ಮುರಿಯುವ ಸದ್ದು ಚಟ್ ಚಟ್ ಎಂದು ಕೇಳುತ್ತಿತ್ತು. ಸುಳ್ಳು ಹೇಳಿದರೆ ಸದಸ್ಯತ್ವ, ನಿಜ ಹೇಳಿದರೆ ಸಂಸಾರ, ಎರಡರಲ್ಲಿ ಒಂದು ಹೋಗುತ್ತದೆ. ಸರೋಜಮ್ಮ ಅಂಗಡಿಯವರಿಂದ ಕೇಳಿದ್ದೂ ಇದನ್ನೇ ಅಲ್ಲವೇ, ಬಾಯಿಬಿಟ್ಟು ಒಪ್ಪಿಕೊಳ್ಳಿ ಎಂದು? "ನೇಯ್ದವನು ನಾನೇ ಸರ್," ಎಂದುಬಿಟ್ಟೆ. ಚಟ್ ಸದ್ದು ನಿಂತಿತು. "ಸೀರೆ ಯಾರದು?" "ನಮ್ಮ ಮನೆಯವರದು." ಮೀಸೆಯವರು ಮುಂದಕ್ಕೆ ಬಾಗಿದರು. "ಹಾಗಾದರೆ ಇಪ್ಪತ್ತಾರು ವರ್ಷ ಈ ವರದಿ ಎಲ್ಲಿತ್ತು? ಗೊತ್ತಿದ್ದೂ ಸುಮ್ಮನಿದ್ದಿರಿ. ನಿಮ್ಮನ್ನು ಸ್ವತಂತ್ರ ತಜ್ಞರು ಅಂತ ಹೇಗೆ ಒಪ್ಪೋದು?" ನಾನು ಬಾಯಿ ತೆರೆದೆ. ಮಾತಿಗಿಂತ ಮೊದಲು ಬಂದದ್ದು ಗಿರಿಜೆ. ಹುರುಳಿಕಾಯಿಯ ಮೊರವನ್ನು ಹಿಡಿದುಕೊಂಡೇ ಮೊಬೈಲಿನ ಮುಂದೆ ನನ್ನನ್ನು ಒತ್ತರಿಸಿ ಕುಳಿತಳು.

"ನಮಸ್ಕಾರ ಮೇಡಂ. ಆ ಸೀರೆ ನಂದೇ," ಎಂದಳು. ವಿಷದ ತಜ್ಞೆ ಮೆತ್ತಗೆ, "ಇದು ನಿಮಗೆ ಈಗಷ್ಟೇ ಗೊತ್ತಾಗಿದ್ದಾ ಅಮ್ಮಾ?" ಎಂದರು. "ಅಯ್ಯೋ, ಧಾರೆ ದಿನಾನೇ ಗೊತ್ತಾಯ್ತು. ನಾನೂ ನೇಕಾರ್ರ ಮನೆ ಮಗಳೇ ಅಲ್ವಾ? ಸೊಂಟಕ್ಕೆ ಸಿಕ್ಕಿಸ್ಕೊಳ್ತಿದ್ದ ಹಾಗೇ ಬೆರಳಿಗೆ ತಿಳೀತು. ಹೇಳೋಣ ಅಂತ ಈಚೆ ಬಂದ್ರೆ ಇವರು ಹಸೆಮಣೆ ಮೇಲೆ ಬೆವರು ಸುರಿಸ್ಕೊಂಡು ಕೂತಿದ್ರು. ನೋಡಿ ಪಾಪ ಅನ್ನಿಸ್ತು. ಅವರಾಗೇ ಹೇಳಲಿ ಅಂತ ಸುಮ್ಕಾದೆ. ಇವತ್ತು ಹೇಳಿದ್ರು, ಅದೂ ನಿಮಗೆ." ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅದೂ ಅಲ್ದೆ ಮೇಡಂ, ಎಷ್ಟು ಅಂತ ಬರೆದವ್ರೆ?" "ಎರಡು ಮೊಳ." "ನೋಡಿ! ಮೂರು ಮೊಳ ಐತೆ. ಒಂದು ಮೊಳ ನೆರಿಗೆ ಒಳಗೂ ಬಂದೈತೆ. ಬಿಡಿಸಿ ಅಳೆದಿಲ್ಲ ಇವರು, ನೆನಪಿನಿಂದ ಬರೆದವ್ರೆ." ಅಳೆದಿರಲಿಲ್ಲ. ನಾನೇ ನೇಯ್ದದ್ದು, ಅಳೆಯುವುದೇನು ಎಂದುಕೊಂಡಿದ್ದೆ. ಮೀಸೆಯವರು ಏನನ್ನೋ ಬರೆದುಕೊಂಡರು. ಬಹಳ ಹೊತ್ತು ಬರೆದುಕೊಂಡರು.

ಕರೆ ಮುಗಿದ ಮೇಲೆ ಗಿರಿಜೆ ಹುರುಳಿಕಾಯಿ ಪಲ್ಯ ಮಾಡಿದಳು, ಬಡಿಸಿದಳು, ಉಪ್ಪು ಸರಿಯಾಗಿಯೇ ಇತ್ತು. ಅದರಿಂದಲೇ ನನಗೆ ಹೆಚ್ಚು ಭಯವಾದದ್ದು. ನಾಲ್ಕನೆಯ ದಿನ ಸಂಘದಿಂದ ಪ್ರಮಾಣಪತ್ರ ಬಂತು. ಸಹ ಸದಸ್ಯತ್ವ, ಒಂದು ಷರತ್ತಿನ ಮೇಲೆ. ಅರ್ಜಿದಾರರು ನಿಜ ಹೇಳುತ್ತಾರೆ, ಆದರೆ ತಡವಾಗಿ ಹೇಳುತ್ತಾರೆ ಮತ್ತು ಅಳೆಯುವುದಿಲ್ಲ. ಆದ್ದರಿಂದ ಇವರ ಪ್ರತಿಯೊಂದು ವರದಿಯನ್ನೂ ಇವರನ್ನು ತಿದ್ದಲು ಹಿಂಜರಿಯದ ವ್ಯಕ್ತಿಯೊಬ್ಬರು ಮರುಪರಿಶೀಲಿಸಿ ಸಹಿ ಮಾಡಬೇಕು. ಸಂದರ್ಶನದಲ್ಲಿ ಕಂಡ ಮಹಿಳೆಯಾದರೆ ಸಂಘದ ಆಕ್ಷೇಪವಿಲ್ಲ. ಜೊತೆಗೊಂದು ಪುಟದ ಘೋಷಣಾ ಪತ್ರ. ಗಿರಿಜೆ ಅದನ್ನು ಸರಸರನೆ ತುಂಬಿದಳು. ಸರೋಜಮ್ಮನ ಸೀರೆಯನ್ನು ತರಿಸಿ, ಇಡೀ ಸೀರೆಯನ್ನು ಹಾಸಿ, ನನ್ನ ಕೈಯಲ್ಲಿ ಎರಡು ಸಲ ಅಳೆಯಿಸಿ, ಆಮೇಲೆ ಸಹಿ ಹಾಕಿದಳು.

ವಿಚಾರಣೆಯ ದಿನ ಅದೇ ವಕೀಲರು, ಅದೇ ಜೇನುತುಪ್ಪ. ನಾನು ಪ್ರಮಾಣಪತ್ರ ಕೊಟ್ಟೆ. ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಏನೂ ಸಿಗದೆ, ಕೊನೆಗೆ ಗಿರಿಜೆಯ ಘೋಷಣಾ ಪತ್ರಕ್ಕೆ ಕೈ ಹಾಕಿದರು. ಅವರ ಮುಖ ಅರಳಿತು. "ಮಹಾಸ್ವಾಮಿ, ಮರುಪರಿಶೀಲಕರಿಗೂ ತಜ್ಞರಿಗೂ ಏನು ಸಂಬಂಧ ಎಂಬ ಕಡೆ ಏನು ಬರೆದಿದೆ, ದಯವಿಟ್ಟು ಕೇಳಬೇಕು," ಎಂದು ಗಟ್ಟಿಯಾಗಿ ಓದಿದರು. "ಹೆಂಡತಿ. ಇಪ್ಪತ್ತಾರು ವರ್ಷದಿಂದ. ಸದ್ಯಕ್ಕೆ ಮರುಪರಿಶೀಲನೆಯಲ್ಲಿದೆ." ನಾನು ಓದದೆ ಲಗತ್ತಿಸಿದ್ದೆ. ಈ ಸಲ ನಗು ಬೆಂಚಿನಿಂದ ಹೊರಡಲಿಲ್ಲ, ಪೀಠದಿಂದಲೇ ಹೊರಟಿತು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, "ವಕೀಲರೇ, ಈ ಹೆಣ್ಣುಮಗಳು ಗಂಡನ ಪರವಾಗಿ ಸುಳ್ಳು ಹೇಳ್ತಾಳೆ ಅಂತ ನಿಮಗೆ ಅನುಮಾನ ಏನಾದರೂ ಉಂಟೋ?" ಎಂದರು. ವಕೀಲರು ನನ್ನನ್ನು ಒಮ್ಮೆ ನೋಡಿ, ಇಲ್ಲವೆಂದು ಕುಳಿತರು. ವರದಿ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯವರು ಎದ್ದುನಿಂತು, ತಪ್ಪಾಗಿದೆ ಎಂದು ಸರೋಜಮ್ಮನಿಗೆ ಕೈಮುಗಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೆರಗು ಅಪ್ಪಟ ಹತ್ತಿ, ದೂರದಿಂದಲೇ ಹೇಳಬಲ್ಲೆ.

ಗೆದ್ದ ಖುಷಿಯಲ್ಲಿ ಮನೆಗೆ ಓಡಿಬಂದು ಎಲ್ಲವನ್ನೂ ಹೇಳಿದೆ. ಗಿರಿಜೆ ಅಂಗಡಿಯವರು ಕೈಮುಗಿದ ಭಾಗವನ್ನು ಎರಡು ಸಲ ಹೇಳಿಸಿಕೊಂಡಳು. ಎರಡನೆಯ ಸಲ ಹೇಳುವಾಗ ನನಗೆ ಅರ್ಥವಾಯಿತು. ಆ ಕೆಲಸ ಈ ಮನೆಯಲ್ಲಿ ಇನ್ನೂ ಆಗಿಲ್ಲ. ಸಂಘದವರ ಮುಂದೆ ಒಪ್ಪಿಕೊಂಡಿದ್ದೆ, ಅರ್ಜಿಯಲ್ಲಿ ಒಪ್ಪಿಕೊಂಡಿದ್ದೆ, ಇವಳ ಮುಂದೆ ಮಾತ್ರ ಇಲ್ಲ. ಪಂಚೆ ಸರಿಮಾಡಿಕೊಂಡು ನಿಂತು, "ತಪ್ಪಾಯ್ತು ಕಣೇ ಗಿರಿಜಾ, ಸುಳ್ಳು ಹೇಳಿದ್ದೆ," ಎಂದು ಕೈಮುಗಿದೆ. ಅವಳು ಮುಖ ಆಚೆ ತಿರುಗಿಸಿಕೊಂಡು ಒಲೆಯ ಮೇಲಿನ ಹಾಲನ್ನು ನೋಡುತ್ತಾ ನಿಂತಳು. ಹಾಲಿನ್ನೂ ಕಾದೇ ಇರಲಿಲ್ಲ. "ಆ ಮರುಪರಿಶೀಲನೆ ಯಾವಾಗ ಮುಗಿಯತ್ತೆ?" ಎಂದು ಮೆಲ್ಲಗೆ ಕೇಳಿದೆ.

"ನೀವು ವರದಿ ಕೊಡೋಕೆ ಇಪ್ಪತ್ತಾರು ವರ್ಷ ತಗೊಂಡ್ರಿ," ಎಂದಳು. "ನಂಗೂ ಅಷ್ಟು ಬೇಕಾಗತ್ತೆ. ಅಲ್ಲೀಗಂಟ ಎಲ್ಲೂ ಹೋಗ್ಬೇಡಿ."